ಪುಣೆಯೋ, ಚೆನ್ನೈಯೋ, ಇಲ್ಲಾ ನಮ್ಮ ಧಾರವಾಡವೋ...

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. ಬ್ಯಾಂಕಿನ ಮಾರ್ಚ್ ಗದ್ದಲ ಮುಗಿದ ಮೇಲೆ ಬರೆಯೋಣ ಅಂತ ಮುಂದೂಡುತ್ತಲೇ ಬಂದೆ. ಇವತ್ತಿನ ವಿಷಯ ನಿಮ್ಮಲ್ಲಿ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಆದರೂ ಕೊನೆತನಕ ಓದಿ, ಆಮೇಲೆ ಬೈಯಿರಿ :)

ಧಾರವಾಡದಿಂದ ಸವದತ್ತಿ 40 ಕಿಲೋಮೀಟರ್ ಆಸುಪಾಸು. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೀರಾ? ಅಲ್ಲಿ ನಿಂತರೆ ಯಾವ ರಾಜ್ಯದಲ್ಲಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರದ ಗಾಡಿಗಳು ಸಾಲುಗಟ್ಟಿರುತ್ತವೆ. "ಉಧೋ ಉಧೋ" ಅನ್ನಲಿಕ್ಕೆ ಕನ್ನಡ-ಮರಾಠಿ ಜಗಳವಿಲ್ಲ. ಆ ಭಂಡಾರದ ಧೂಳಿನ ನಡುವೆ ಸೀರೆ ಉಟ್ಟು, ಕೊಡ ಹೊತ್ತು, ಚೌಡಿಕೆ ಬಾರಿಸುವ ಜೋಗಪ್ಪಗಳು. ಹುಟ್ಟಿದ್ದು ಗಂಡಾಗಿ, ಆದರೆ ಅಮ್ಮ ಮೈಮೇಲೆ ಬಂದಿದ್ದಾಳೆ ಅಂತ ಮಂದಿ ನಂಬುತ್ತಾರೆ. ಗೌಡರು, ಶೆಟ್ಟರು ಕೂಡ ಕಾಲು ಮುಟ್ಟುತ್ತಾರೆ. ನಮ್ಮ ಮನೆಯಲ್ಲೂ ಪಡಲಗಿ ತುಂಬಿಸುವ ಪದ್ಧತಿ ಉಂಟು.

ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ಕೊಟ್ಟ ನಾಲ್ಸಾ ತೀರ್ಪಿನಲ್ಲಿ ಈ ಜೋಗಪ್ಪಗಳ ಪ್ರಸ್ತಾಪವಿದೆ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯವರು ಅಂತಲೇ ಬರೆದಿದ್ದಾರೆ. 2019ರಲ್ಲಿ ಬಂದ ಕೇಂದ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ, ಹಿಜ್ರಾ, ಅರವಾಣಿ ಜೊತೆಗೆ "ಜೋಗ್ತಾ" ಅನ್ನುವ ಪದವೂ ಇತ್ತು. ನಮ್ಮ ಗುಡ್ಡದ ಮಾತು ದಿಲ್ಲಿಯ ಕಾನೂನಿನೊಳಗೆ! ಓದಿದಾಗ ಸ್ವಲ್ಪ ಹೆಮ್ಮೆಯೇ ಆಯಿತು. ಮಂಜಮ್ಮ ಜೋಗತಿ 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಪಡೆದ ವಿಡಿಯೋ ನೋಡಿ ನಮ್ಮ ಅವ್ವ ಕಣ್ಣೀರು ಹಾಕಿದ್ದಳು.

ಅದೇ ಅವ್ವನ ಇನ್ನೊಂದು ಮಾತು ಕೇಳಿ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದವನು ಕನ್ಯಾ ನೋಡುವ ಮಾತು ಎತ್ತಿದ ಕೂಡಲೇ, "ನನಗ ಹುಡುಗಿ ನೋಡಬ್ಯಾಡ್ರಿ, ನಾ ಹುಡುಗರನ್ನ ಇಷ್ಟಪಡಾಂವ" ಅಂತ ಹೇಳಿಬಿಟ್ಟ. ಮನೆಯಲ್ಲಿ ಸ್ಮಶಾನ ಮೌನ. ಆಮೇಲೆ ಅವ್ವ ಅಂದದ್ದು: "ಅವಗ ಯಲ್ಲಮ್ಮ ಬಂದಾಳೇನು? ಬಂದಿದ್ರ ನಾನ ಮುಂದ ನಿಂತು ಪಡಲಗಿ ತುಂಬಸ್ತಿದ್ದೆ. ಇದು ಎಂಥಾದ್ದಪಾ?"

ನಮ್ಮ ಭಾಗದ ಉದಾರತೆ ಎಲ್ಲಿ ನಿಲ್ಲುತ್ತದೆ ಅನ್ನುವುದು ಆ ಒಂದು ಮಾತಿನಲ್ಲಿದೆ. ದೇವರು ಕರೆದರೆ ಸರಿ. ತಾನಾಗಿ "ನಾನು ಹಿಂಗ" ಅಂದರೆ ರೋಗ. ಭಾವ ಅವನನ್ನು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆತ ನಾಲ್ಕು ತಿಂಗಳು ಗುಳಿಗೆ ನುಂಗಿಸಿದ. ಹುಡುಗ ಹಗಲೆಲ್ಲ ತೂಕಡಿಸಿ ಕೆಲಸ ಕಳೆದುಕೊಳ್ಳುವ ಹಂತಕ್ಕೆ ಬಂದ, ಅಷ್ಟೇ.

ಈಗ ಅವನಿಗೆ ಎರಡು ಕಡೆ ಕೆಲಸ ಸಿಕ್ಕಿದೆ, ಒಂದು ಪುಣೆ, ಒಂದು ಚೆನ್ನೈ. "ಮಾಮಾ, ನೀ ನಾಕು ಊರು ತಿರಗಿದಾಂವ. ಎಲ್ಲಿ ನಮ್ಮಂಥವರಿಗೆ ಬಾಡಿಗಿ ಮನಿ ಕೊಡ್ತಾರ, ಅದನ್ನಷ್ಟ ಹೇಳು" ಅಂದ. ನಾನು ಕೊಲ್ಹಾಪುರ, ಕಲಬುರಗಿ, ಕಾಸರಗೋಡು ಮೂರೂ ಕಡೆ ಇದ್ದವನು. ಆದರೆ ಥಟ್ಟನೆ ಹೇಳಲಾಗಲಿಲ್ಲ. ಅದಕ್ಕೇ ಕೂತು ಒಂದಿಷ್ಟು ಓದಿದೆ.

ಸಂಪ್ರದಾಯಸ್ಥರು ಅಂತ ನಾವು ನಗುವ ತಮಿಳರು ಎಲ್ಲರಿಗಿಂತ ಮುಂದಿದ್ದಾರೆ ಮಾರಾಯರೇ! 2008ರಲ್ಲೇ ಅರವಾಣಿಗಳಿಗೆ ಕಲ್ಯಾಣ ಮಂಡಳಿ ಮಾಡಿದರು. 2019ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ, ಹಿಂದೂ ವಿವಾಹ ಕಾಯ್ದೆಯ "ವಧು" ಅನ್ನುವ ಪದದಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆ ಅಂದಿತು. 2021ರ ಜೂನ್‌ನಲ್ಲಿ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ ಮನೆ ಬಿಟ್ಟು ಬಂದ ಇಬ್ಬರು ಹುಡುಗಿಯರ ಕೇಸು ಬಂತು. ಅವರು ಏನು ಮಾಡಿದರು ಗೊತ್ತಾ? ತನಗೆ ಈ ವಿಷಯ ಅರ್ಥವಾಗಿಲ್ಲ ಅಂತ ಒಪ್ಪಿಕೊಂಡು, ತಾವೇ ಮನಃಶಾಸ್ತ್ರಜ್ಞರೊಬ್ಬರ ಹತ್ತಿರ ಕೂತು ತಿಳಿದುಕೊಂಡು ಬಂದು ತೀರ್ಪು ಬರೆದರು. ಸಲಿಂಗಿಗಳನ್ನು "ಸರಿ ಮಾಡುತ್ತೇವೆ" ಅನ್ನುವ ಚಿಕಿತ್ಸೆ ನಿಲ್ಲಿಸಿ ಅಂದರು. ಅದರ ಬೆನ್ನಿಗೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಅಂತ ಹೇಳಿತು. ಅಂದರೆ ಹುಬ್ಬಳ್ಳಿಯ ಹುಡುಗನಿಗೆ ಗುಳಿಗೆ ನುಂಗಿಸುವ ಡಾಕ್ಟರ ವಿರುದ್ಧ ದೂರು ಕೊಡುವ ದಾರಿ ಚೆನ್ನೈಯಿಂದ ಬಂದದ್ದು. ಭಾವನಿಗೆ ಇದನ್ನು ಓದಿ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ, ಆದರೆ ಮತ್ತೆ ಆ ಡಾಕ್ಟರ ಹೆಸರು ಎತ್ತಿಲ್ಲ.

ಕೇರಳ 2015ರಲ್ಲಿ ದೇಶದಲ್ಲೇ ಮೊದಲು ಟ್ರಾನ್ಸ್‌ಜೆಂಡರ್ ನೀತಿ ತಂದ ರಾಜ್ಯ. 2017ರಲ್ಲಿ ಕೊಚ್ಚಿ ಮೆಟ್ರೊ 23 ಜನರಿಗೆ ಕೆಲಸ ಕೊಟ್ಟಿತು. ದೇಶವೆಲ್ಲ ಚಪ್ಪಾಳೆ. ಆಮೇಲೆ ಅವರಲ್ಲಿ ಕೆಲವರು ಕೆಲಸ ಬಿಟ್ಟರು. ಯಾಕೆ? ಊರಲ್ಲಿ ಯಾರೂ ಬಾಡಿಗೆ ಮನೆ ಕೊಡಲಿಲ್ಲ! ಸರಕಾರಕ್ಕೆ ಬುದ್ಧಿ ಬಂದರೂ ಮನೆ ಮಾಲೀಕನಿಗೆ ಬರಬೇಕಲ್ಲ. ನನ್ನ ಅಳಿಯ ಕೇಳಿದ ಪ್ರಶ್ನೆ ಸುಮ್ಮನೆ ಅಲ್ಲ.

ಮಹಾರಾಷ್ಟ್ರದ್ದು ಇನ್ನೊಂದು ಥರ. ಸಾಹಿತ್ಯ, ಸಂಘಟನೆಯಲ್ಲಿ ಅವರು ಹಿರಿಯರು. ತೆಂಡೂಲ್ಕರ್ 1981ರಲ್ಲೇ "ಮಿತ್ರಾಚೀ ಗೋಷ್ಟ" ನಾಟಕ ತಂದರು. ಕನ್ನಡದಲ್ಲಿ ವಸುಧೇಂದ್ರರ "ಮೋಹನಸ್ವಾಮಿ" ಬರಲಿಕ್ಕೆ 2013 ಬೇಕಾಯಿತು. ಪುಣೆಯಲ್ಲಿ ಬಿಂದುಮಾಧವ ಖಿರೆಯವರು 2002ರಿಂದ ಸಮಪಥಿಕ ಟ್ರಸ್ಟ್ ಕಟ್ಟಿ, ಮರಾಠಿಯಲ್ಲಿ ತಂದೆ-ತಾಯಂದಿರಿಗೆ ತಿಳಿಯುವ ಹಾಗೆ ಬರೆದರು. ನಮ್ಮ ಯಲ್ಲಮ್ಮನ ಜೋಗತಿ-ಜೋಗತ್ಯಾ ಕಥೆಯನ್ನೇ ಇಟ್ಟುಕೊಂಡು "ಜೋಗವಾ" ಅಂತ 2009ರಲ್ಲಿ ಚೆಂದದ ಸಿನಿಮಾನೂ ಮಾಡಿದರು. ಆದರೆ ಸರಕಾರಿ ನೌಕರಿ ಅಂದರೆ ಹಿಂದೇಟು. ಪೊಲೀಸ್ ನೇಮಕಾತಿಯಲ್ಲಿ ಟ್ರಾನ್ಸ್ ಅಭ್ಯರ್ಥಿಗಳಿಗೆ ದೈಹಿಕ ಪರೀಕ್ಷೆಯ ನಿಯಮ ಮಾಡಿ ಅಂತ 2022ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟು ಕಿವಿ ಹಿಂಡಬೇಕಾಯಿತು. ಆ ಹೊತ್ತಿಗೆ ಕರ್ನಾಟಕ ಸರಕಾರಿ ನೌಕರಿಯಲ್ಲಿ ಶೇ. 1 ಸಮತಲ ಮೀಸಲಾತಿ ಕೊಟ್ಟು (ಜುಲೈ 2021) ಒಂದೂವರೆ ವರ್ಷ ಕಳೆದಿತ್ತು. ದೇಶದಲ್ಲಿ ನಾವೇ ಮೊದಲು.

ಹಾಗಂತ ಬೀಗಬೇಡಿ. ಇದೇ ಕರ್ನಾಟಕ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಅಂತ ಕಲಂ ಸೇರಿಸಿ, ಹಿಜ್ರಾಗಳ ರಿಜಿಸ್ಟರ್ ಇಟ್ಟು ಅವರನ್ನು "ನಿಯಂತ್ರಿಸುವ" ಅಧಿಕಾರವನ್ನು ಪೊಲೀಸ್ ಆಯುಕ್ತರಿಗೆ ಕೊಟ್ಟಿತ್ತು. ನಮ್ಮ ಅವಳಿ ನಗರಕ್ಕೂ ಆಯುಕ್ತರಿದ್ದಾರೆ, ನೆನಪಿರಲಿ. ಸಂಘಟನೆಯವರು ಕೋರ್ಟಿಗೆ ಹೋದ ಮೇಲೆ ಆ ಪದ ಹೋಯಿತು. ಇದರ ಅಜ್ಜ ಇದ್ದದ್ದು ಹೈದರಾಬಾದಿನಲ್ಲಿ. ನಿಜಾಮರ ಕಾಲದ 1919ರ ಕಾನೂನು, ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಆಗ ಕಲಬುರಗಿ, ಬೀದರ, ರಾಯಚೂರು ಅದೇ ರಾಜ್ಯದಲ್ಲಿದ್ದವು. ತೆಲಂಗಾಣ ಹೈಕೋರ್ಟು ಅದನ್ನು ಹೊಡೆದುಹಾಕಿದ್ದು 2023ರ ಜುಲೈನಲ್ಲಿ. ನೂರು ವರ್ಷ ದಾಟಿತ್ತು!

ಇಷ್ಟೆಲ್ಲ ಪಟ್ಟಿಯಲ್ಲಿ ಒಂದು ಗಮನಿಸಿದಿರಾ? ಹೆಚ್ಚಿನವು ಟ್ರಾನ್ಸ್‌ಜೆಂಡರ್ ಜನರ ಬಗ್ಗೆ. ಅವರು ಬೀದಿಯಲ್ಲಿ ಕಾಣುತ್ತಾರೆ, ಪುರಾಣದಲ್ಲಿ ಸಿಗುತ್ತಾರೆ, ಪಿಂಚಣಿ ಕೊಟ್ಟು ಫೋಟೋ ತೆಗೆಸಿಕೊಳ್ಳಬಹುದು. (ಆ ಪಿಂಚಣಿ ಸಾಲುವುದಿಲ್ಲ, ಅದು ಬೇರೆ ಮಾತು.) ನನ್ನ ಅಳಿಯನಂಥವರು ಪ್ಯಾಂಟು-ಶರ್ಟು ಹಾಕಿಕೊಂಡು ಎಲ್ಲರ ಹಾಗೇ ಬಸ್ಸಿನಲ್ಲಿ ಕೂತಿರುತ್ತಾರೆ. ಅವರಿಗಾಗಿ ಈ ಯಾವ ರಾಜ್ಯ ಸರಕಾರವೂ ತಾನಾಗಿ ಮುಂದೆ ಬಂದದ್ದು ನನಗೆ ಕಾಣಲಿಲ್ಲ. 2018ರ ಸೆಪ್ಟೆಂಬರ್ 6ಕ್ಕೆ 377ನೇ ಕಲಮಿನ ಕುತ್ತಿಗೆ ಹಿಚುಕಿದ್ದೂ ಕೋರ್ಟೇ.

2023ರಲ್ಲಿ ಸಲಿಂಗ ಮದುವೆಯ ಕೇಸು ಸುಪ್ರೀಂ ಕೋರ್ಟಿನಲ್ಲಿ ನಡೆದಾಗ ಕೇಂದ್ರ ಎಲ್ಲ ರಾಜ್ಯಗಳಿಗೂ ಪತ್ರ ಬರೆದು ಅಭಿಪ್ರಾಯ ಕೇಳಿತ್ತು. ಉತ್ತರ ಬಂದದ್ದು ಏಳರಿಂದ ಮಾತ್ರ. ನೆರೆಯ ಆಂಧ್ರ, ದೂರದ ರಾಜಸ್ಥಾನ, ಅಸ್ಸಾಂ "ಬೇಡ" ಅಂದವು. ಮಹಾರಾಷ್ಟ್ರ, ಉತ್ತರ ಪ್ರದೇಶ, ಮಣಿಪುರ, ಸಿಕ್ಕಿಂ ಸಮಯ ಬೇಕು ಅಂದವು. ಕರ್ನಾಟಕದ ಹೆಸರು ಆ ಪಟ್ಟಿಯಲ್ಲೇ ಇಲ್ಲ. ಕೋರ್ಟಿಗೆ ಇದನ್ನು ತಿಳಿಸಿದ್ದು ಮೇ 10ಕ್ಕೆ, ಅವತ್ತು ನಮ್ಮಲ್ಲಿ ವಿಧಾನಸಭೆಗೆ ಮತದಾನ. ನಾನು ಧಾರವಾಡದ ಒಂದು ಬೂತಿನಲ್ಲಿ ಬೆರಳಿಗೆ ಶಾಯಿ ಹಚ್ಚುವ ಡ್ಯೂಟಿಯಲ್ಲಿದ್ದೆ. ಅಕ್ಟೋಬರ್ 17ಕ್ಕೆ ಕೋರ್ಟೂ ಮದುವೆಯ ಹಕ್ಕು ಕೊಡಲಾಗದು, ಸಂಸತ್ತಿಗೆ ಬಿಟ್ಟದ್ದು ಅಂದಿತು.

ಹುಡುಗನಿಗೆ ಕಾಗದದ ಮೇಲೆ ಚೆನ್ನೈ ಅಂತಲೇ ಹೇಳಿದ್ದೇನೆ. ಅಕ್ಕನಿಗೆ ಪುಣೆಯೇ ಇರಲಿ ಅಂತ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಹುಬ್ಬಳ್ಳಿ. ಅವಳು ಮಾತು ಬಿಟ್ಟಿಲ್ಲ, ಅದು ಸಣ್ಣದಲ್ಲ. ನಿಮ್ಮಲ್ಲಿ ಚೆನ್ನೈ, ಪುಣೆಯಲ್ಲಿರುವವರು ಯಾರಾದರೂ ಇದ್ದರೆ, ಇಬ್ಬರು ಹುಡುಗರಿಗೆ ಹೆಚ್ಚು ಪ್ರಶ್ನೆ ಕೇಳದೆ ಮನೆ ಕೊಡುವ ಬಡಾವಣೆ ಯಾವುದು, ಡಿಪಾಜಿಟ್ ಎಷ್ಟು ಅಂತ ದಯವಿಟ್ಟು ತಿಳಿಸಿ. ಈ ತಿಂಗಳ ಕೊನೆಯೊಳಗೆ ಅವನು ಉತ್ತರ ಕೊಡಬೇಕಂತೆ.