ಮೊದಲು ಓಗೊಟ್ಟವನೇ ಗುರು

ಬೆಂಗಳೂರಿನ ಡೇಟಾ ಸೆಂಟರ್ ಒಂದರಲ್ಲಿ ಮಗಳಿಗೆ ಕೆಲಸ ಸಿಕ್ಕಿ ಮೂರು ವರ್ಷವಾಗಿದ್ದರೂ, ಹಾಸನದ ಆ ನಿವೃತ್ತ ಗಣಿತದ ಮೇಷ್ಟರಿಗೆ ಅವಳ ಕೆಲಸವೇನೆಂದು ಸರಿಯಾಗಿ ತಿಳಿದಿರಲಿಲ್ಲ. ಯಾರಾದರೂ ಕೇಳಿದರೆ ‘ಅದೇ, ಕಂಪ್ಯೂಟರಿನದ್ದು’ ಎಂದು ಮಾತು ತೇಲಿಸುತ್ತಿದ್ದರು. ಹಬ್ಬಕ್ಕೆ ಬಂದವಳನ್ನು ಒಂದು ಮಧ್ಯಾಹ್ನ ಕೇಳಿಯೇಬಿಟ್ಟರು: ‘ರಾತ್ರಿಯೆಲ್ಲ ಅಲ್ಲೇನು ಮಾಡ್ತೀಯ ಪುಟ್ಟಿ?’

‘ಖಾಲಿ ಯಂತ್ರಗಳಿಗೆ ಅಕ್ಷರಾಭ್ಯಾಸ ಮಾಡಿಸ್ತೀನಿ ಅಪ್ಪ.’

ಮೇಷ್ಟರಿಗೆ ಉತ್ತರ ಹಿಡಿಸಿತು. ಮಗಳು ವಿವರಿಸಿದಳು. ಹೊಸದಾಗಿ ಬಂದ ಸರ್ವರಿನ ಡಿಸ್ಕು ಖಾಲಿ ಸ್ಲೇಟು. ನೂರಾರು ಯಂತ್ರಗಳಿಗೆ ಒಂದೊಂದಾಗಿ ಸಿ.ಡಿ. ಹಾಕುತ್ತ ಕೂರುವಂತಿಲ್ಲ. ಅದಕ್ಕೇ ಸ್ವಿಚ್ ಒತ್ತಿದೊಡನೆ ಯಂತ್ರದ ನೆಟ್‌ವರ್ಕ್ ಕಾರ್ಡು ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ: ‘ನನ್ನ ವಿಳಾಸವೇನು? ನನ್ನ ಪಾಠ ಎಲ್ಲಿದೆ?’ ಡಿಎಚ್‌ಸಿಪಿ ಎಂಬ ಸೇವೆ ಅದಕ್ಕೆ ಉತ್ತರ ಕೊಡುತ್ತದೆ. ಟಿಎಫ್‌ಟಿಪಿ ಎಂಬುದು ಪಾಠವನ್ನು ಹೊತ್ತು ತರುತ್ತದೆ. ಇವನ್ನೆಲ್ಲ ಸೇರಿಸಿ ಪಿಎಕ್ಸ್‌ಇ ಎಂಬ ಪದ್ಧತಿಯನ್ನು 1990ರ ದಶಕದ ಕೊನೆಯಲ್ಲಿ ರೂಪಿಸಿದ್ದು ಇಂಟೆಲ್ ಕಂಪನಿ. ಟಿಎಫ್‌ಟಿಪಿಯಂತೂ 1981ಕ್ಕೂ ಹಿಂದಿನದು, ಹೆಚ್ಚುಕಡಿಮೆ ಮೇಷ್ಟರ ನೌಕರಿಯಷ್ಟೇ ಹಳೆಯದು.

ಅದು ಒಂದು ಸಲಕ್ಕೆ 512 ಬೈಟ್ ಮಾತ್ರ ತರುತ್ತದೆ. ‘ಬಂತು’ ಎಂದು ಉತ್ತರ ಕೊಟ್ಟ ಮೇಲೆಯೇ ಮುಂದಿನ ತುಣುಕು. ಹಂಡೆಯನ್ನು ಚೊಂಬಿನಿಂದ ತುಂಬಿದ ಹಾಗೆ. ಮೇಷ್ಟರು ಪಂಚಾಂಗದ ಹಿಂಬದಿಯಲ್ಲೇ ಲೆಕ್ಕ ಹಾಕಿದರು. 30 ಮೆಗಾಬೈಟ್ ಕಡತಕ್ಕೆ 61,440 ಚೊಂಬು! ಪಕ್ಕದ ಕೋಣೆಯಿಂದಾದರೆ, ಒಂದು ಸುತ್ತಿಗೆ ಒಂದು ಮಿಲಿಸೆಕೆಂಡಿನಂತೆ, ಒಂದು ನಿಮಿಷ. ದೂರದ ಊರಿನಿಂದ ಸುತ್ತಿಗೆ 40 ಮಿಲಿಸೆಕೆಂಡು ಹಿಡಿದರೆ 41 ನಿಮಿಷ. ಚೊಂಬನ್ನು ದೊಡ್ಡದು ಮಾಡುವ ಏರ್ಪಾಡು 1998ರ ವೇಳೆಗೆ ಬಂತು, ನಿಜ.

‘ನಿಧಾನ ಆದ್ರೇನಂತೆ, ಕೆಲಸ ಆಗುತ್ತಲ್ಲ?’ ಎಂದರು ಮೇಷ್ಟರು.

ಮಗಳು ತುಸು ಹೊತ್ತು ಸುಮ್ಮನಿದ್ದಳು. ನಿಧಾನವೊಂದೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೂಗಿದ ಯಂತ್ರ ಮೊದಲು ಓಗೊಟ್ಟವರನ್ನು ನಂಬಿಬಿಡುತ್ತದೆ. ‘ನೀನು ಯಾರು’ ಎಂದು ಕೇಳುವ ಅಭ್ಯಾಸ ಅದಕ್ಕಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳು ಅಭ್ಯಾಸಕ್ಕೆಂದು ಇಟ್ಟುಕೊಂಡಿದ್ದ ಯಂತ್ರವೊಂದನ್ನು ಆರಿಸದೆ ಮನೆಗೆ ಹೋಗಿದ್ದಳು. ಅದೇ ರಾತ್ರಿ ರಿಪೇರಿಗೆಂದು ಬೇರೊಂದು ಸರ್ವರನ್ನು ಆರಿಸಿ ಹೊತ್ತಿಸಿದರು. ಅದು ಕೂಗಿತು, ಇವಳ ಯಂತ್ರ ಓಗೊಟ್ಟಿತು. ಬೆಳಗಾಗುವಷ್ಟರಲ್ಲಿ ಆ ಡಿಸ್ಕು ಅಳಿಸಿಹೋಗಿ, ಹೊಸ ಪಾಠ ಬರೆದುಕೊಂಡು, ಏನೂ ಅರಿಯದ ಮಗುವಿನಂತೆ ಕುಳಿತಿತ್ತು. ಎರಡು ದಿನದ ಲೆಕ್ಕಗಳು ಯಾವ ಪ್ರತಿಯಲ್ಲೂ ಉಳಿದಿರಲಿಲ್ಲ.

‘ಅವತ್ತು ಫೋನ್ ಮಾಡಿದ್ದೆಯಲ್ಲ. ಊಟ ಆಯ್ತು ಅಂದಿದ್ದೆ’ ಎಂದರು ಮೇಷ್ಟರು.

‘ಆಗಿರ್ಲಿಲ್ಲ ಅಪ್ಪ.’

ತಪ್ಪು ತನ್ನದೆಂದು ಅವಳೇ ಮೇಲಧಿಕಾರಿಗೆ ಹೇಳಿದ್ದಳು. ಕೆಲಸ ಹೋಗುತ್ತದೆಂದೇ ಭಾವಿಸಿದ್ದಳು. ಹೋಗಲಿಲ್ಲ, ಹಳೆಯ ಪದ್ಧತಿಯನ್ನು ಬದಲಿಸುವ ತಂಡಕ್ಕೆ ಅವಳನ್ನೂ ಹಾಕಿದರು. ಯಂತ್ರಗಳ ಮೂಲ ತಂತ್ರಾಂಶದ ಯುಇಎಫ್‌ಐ ನಿಯಮಾವಳಿಗೆ 2015ರಲ್ಲಿ ಎಚ್‌ಟಿಟಿಪಿ ಬೂಟ್ ಸೇರಿತು. ಅಂದರೆ ವೆಬ್ ಪುಟಗಳು ಬರುವ ದಾರಿಯಲ್ಲೇ ಪಾಠವೂ ಬರುತ್ತದೆ, ಪ್ರತಿ ತುಣುಕಿಗೂ ಕಾಯದೆ ಧಾರೆಯಾಗಿ. ಎಚ್‌ಟಿಟಿಪಿಎಸ್ ಆದರೆ ಪಾಠ ಕೊಡುವವನ ಗುರುತಿನ ಪತ್ರವನ್ನೂ ಯಂತ್ರ ಮೊದಲು ಪರೀಕ್ಷಿಸುತ್ತದೆ. ತಪ್ಪು ವಿಳಾಸಕ್ಕೆ ಹೋದರೂ ಪತ್ರ ಹೊಂದದಿದ್ದರೆ ಪಾಠವಿಲ್ಲ. ಇದಕ್ಕೂ ಮುಖ್ಯವಾಗಿ, ಡಿಸ್ಕು ಅಳಿಸುವ ಮುನ್ನ ಆ ಯಂತ್ರ ಪಟ್ಟಿಯಲ್ಲಿದೆಯೇ ಎಂದು ನೋಡುವ ಕಟ್ಟಳೆಯನ್ನು ಅವಳೇ ಬರೆದು ಸೇರಿಸಿದ್ದಳು.

‘ಈಗ ಎಲ್ಲ ಹೊಸದೇ ಆಯ್ತು ಅನ್ನು.’

‘ಎಲ್ಲಿ! ಹನ್ನೊಂದು ಹಳೇ ಯಂತ್ರಗಳಿಗೆ ಹೊಸ ಭಾಷೆ ಬರೋದೇ ಇಲ್ಲ. ಅವಕ್ಕೆ ಐಪಿಎಕ್ಸ್‌ಇ ಅನ್ನೋ ಚಿಕ್ಕ ಪ್ರೋಗ್ರಾಮು ಮಾತ್ರ ಚೊಂಬಿನಲ್ಲೇ ಕೊಡ್ತೀವಿ. ಉಳಿದದ್ದನ್ನ ಅದು ಹೊಸ ದಾರೀಲಿ ತರುತ್ತೆ.’

ಮೇಷ್ಟರು ಪಂಚಾಂಗವನ್ನು ಮೊಳೆಗೆ ತೂಗುಹಾಕಿ, ‘ಇವಳಿಗೆ ಇನ್ನೆರಡು ಹೋಳಿಗೆ ಹಾಕೇ’ ಎಂದು ಅಡುಗೆಮನೆಯತ್ತ ಕೂಗಿದರು.