ಮರುಭೂಮಿಯ ದ್ಯೂತನಗರಿ ಲಾಸ್ ವೇಗಸ್

ಲಾಸ್ ಏಂಜಲಿಸ್‌ನಿಂದ ಹೊರಟು ಮೊಹಾವಿ ಮರುಭೂಮಿಯನ್ನು ಹಾದು ಬರುವಾಗ ಗಂಟೆಗಟ್ಟಲೆ ನಮಗೆ ಕಂಡದ್ದು ಬೋಳುಗುಡ್ಡ, ಕುರುಚಲು ಗಿಡ, ಉರಿಬಿಸಿಲು ಮಾತ್ರ. ಹೊತ್ತು ಮುಳುಗಿದ ಮೇಲೆ ಕಣಿವೆಯ ತುಂಬ ದೀಪಗಳು ಗೋಚರಿಸಿದವು. ಅದುವೇ ನೆವಾಡಾ ರಾಜ್ಯದ ಲಾಸ್ ವೇಗಸ್.

ಸ್ಪ್ಯಾನಿಷ್ ಭಾಷೆಯ ಈ ಹೆಸರಿಗೆ ಹುಲ್ಲುಗಾವಲುಗಳು ಎಂದರ್ಥ. ಹಿಂದೆ ಇಲ್ಲಿ ಒರತೆಗಳು ಉಕ್ಕುತ್ತಿದ್ದವು. ಆ ನೀರನ್ನು ನೆಚ್ಚಿ ಬಂದ ರೈಲುಮಾರ್ಗದವರು 1905ರ ಮೇ ತಿಂಗಳಲ್ಲಿ ನಿವೇಶನಗಳನ್ನು ಹರಾಜು ಹಾಕಲು ಊರು ಹುಟ್ಟಿತು. 1931ರಲ್ಲಿ ರಾಜ್ಯವು ಜೂಜಿಗೆ ಕಾನೂನಿನ ಮನ್ನಣೆಯಿತ್ತಿತು. ಅದೇ ವರ್ಷ ಸಮೀಪದಲ್ಲಿ ಕೊಲರಾಡೊ ನದಿಗೆ ಹೂವರ್ ಅಣೆಕಟ್ಟಿನ ಕಾರ್ಯವೂ ಆರಂಭವಾಯಿತು. ನಗರದ ಭಾಗ್ಯ ಬದಲಾದುದು ಆಗ.

'ಸ್ಟ್ರಿಪ್' ಎಂಬ ನಾಲ್ಕು ಮೈಲಿಯ ಬೀದಿಯಲ್ಲಿ ಈಜಿಪ್ಟಿನ ಪಿರಮಿಡ್ಡು, ಪ್ಯಾರಿಸಿನ ಐಫೆಲ್ ಗೋಪುರ, ವೆನಿಸ್ಸಿನ ಕಾಲುವೆ ಎಲ್ಲವುಗಳ ಅನುಕೃತಿಗಳಿವೆ. ಕುತೂಹಲದಿಂದ ಒಂದು ಜೂಜುಗೃಹವನ್ನು ಹೊಕ್ಕೆವು. ಕಿಟಕಿಯಿಲ್ಲ, ಗೋಡೆಯಲ್ಲಿ ಗಡಿಯಾರವಿಲ್ಲ. ಹಗಲೋ ಇರುಳೋ ತಿಳಿಯದು. ನಮ್ಮ ವಯಸ್ಸಿನವರೇ ಆದ ಒಬ್ಬ ಮುದುಕಿ ಯಂತ್ರದ ಗುಂಡಿಯನ್ನು ಒತ್ತುತ್ತಲೇ ಇದ್ದರು. ಗೆದ್ದಾಗಲೂ ಆ ಮುಖದಲ್ಲಿ ನಗೆ ಮೂಡಲಿಲ್ಲ. ಇಲ್ಲಿ ಕಳ್ಳಾಟವೇನೂ ಬೇಕಿಲ್ಲ, ಲೆಕ್ಕವೇ ಸಾಕು. ರೂಲೆಟ್ ಚಕ್ರದಲ್ಲಿ ಸಾಮಾನ್ಯವಾಗಿ 38 ಮನೆಗಳು. ಪ್ರತಿ ಮನೆಗೂ ಒಂದೊಂದು ಡಾಲರು ಕಟ್ಟಿದವನಿಗೆ ಪಣವೂ ಸೇರಿ ಮರಳುವುದು 36. ಉಳಿದೆರಡು ಮಾಲಿಕನವು. ನಮ್ಮ ಧರ್ಮರಾಯನಿಗಾದರೋ ಶಕುನಿಯ ಕೈಚಳಕವಾದರೂ ಬೇಕಾಯಿತು!

ಆದರೆ ನಮ್ಮನ್ನು ಹೆಚ್ಚು ಯೋಚನೆಗೀಡುಮಾಡಿದುದು ಹಣವಲ್ಲ, ನೀರು. ವರ್ಷಕ್ಕೆ ಇಲ್ಲಿ ಸುಮಾರು ನಾಲ್ಕೇ ಅಂಗುಲ ಮಳೆ. ಹಳೆಯ ಒರತೆಗಳು ಎಂದೋ ಬತ್ತಿವೆ. ಹತ್ತರಲ್ಲಿ ಒಂಬತ್ತು ಪಾಲು ನೀರು ಅಣೆಕಟ್ಟಿನ ಹಿಂದಣ ಮೀಡ್ ಸರೋವರದ್ದು. ಅದೂ 2022ರ ಜುಲೈಯಲ್ಲಿ, ಮೊದಲು ತುಂಬಿದಂದಿನಿಂದ ಕಾಣದಷ್ಟು ಇಳಿದುಹೋಯಿತು. ಸ್ನಾನಗೃಹ, ಅಡಿಗೆಮನೆಗಳ ಬಳಕೆಯ ನೀರನ್ನು ಬಹುಮಟ್ಟಿಗೆ ಶುದ್ಧೀಕರಿಸಿ ಮರಳಿ ಸರೋವರಕ್ಕೆ ಬಿಡುವರು. ನಿಜವಾಗಿ ನಷ್ಟವಾಗುವುದು ಬಯಲಿನ ಹುಲ್ಲಿಗೆ ಸಿಂಪಡಿಸಿದ್ದು. ಆದುದರಿಂದ ಕೇವಲ ಅಲಂಕಾರಕ್ಕಾಗಿ ಬೆಳೆಸಿದ ಹುಲ್ಲಿಗೆ 2027ರಿಂದ ನದಿಯ ನೀರುಣಿಸಬಾರದೆಂದು 2021ರಲ್ಲಿ ಕಾನೂನಾಯಿತು. ಮನೆಯಂಗಳಗಳಿಗೆ ಈ ನಿರ್ಬಂಧವಿಲ್ಲವಾದರೂ, ಹುಲ್ಲು ಕಿತ್ತವರಿಗೆ ಚದರಡಿಯ ಲೆಕ್ಕದಲ್ಲಿ ಜಲಪ್ರಾಧಿಕಾರವು ಹಣ ಕೊಡುತ್ತದೆ. ಹುಲ್ಲುಗಾವಲೆಂದೇ ಹೆಸರುಳ್ಳ ಊರಿನಲ್ಲಿ!

ನಾವು ತಂಗಿದ್ದ ಕನ್ನಡಿಗರ ಮನೆಯಂಗಳದಲ್ಲಿಯೂ ಜಲ್ಲಿಕಲ್ಲು, ಪಾಪಾಸುಕಳ್ಳಿಗಳೇ ಇದ್ದವು. ಬಾಗಿಲ ಬದಿಗೆ ಮಾತ್ರ ಒಂದು ಮಲ್ಲಿಗೆಯ ಕುಂಡ. ಬೆಳಿಗ್ಗೆ ಆ ಮನೆಯ ತಾಯಿ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ತಂದು ಅದರ ಬುಡಕ್ಕೆ ಹನಿಸುತ್ತಿದ್ದರು.