ಹಂಪಿಗೂ ಚೇಂಬರಿಗೂ ನಡುವೆ

ತೊಪ್ಪೂರು ಘಾಟಿ ಇಳಿಯುವಾಗ ನಿಮ್ಮ ಕಿವಿ ಕಾರಿನ ಅಡಿಯಲ್ಲೇ ಇರುತ್ತದೆ. ಧರ್ಮಪುರಿ ಬಿಟ್ಟ ರಾಷ್ಟ್ರೀಯ ಹೆದ್ದಾರಿ 44 ಇಲ್ಲಿ ಗುಡ್ಡಗಳ ನಡುವೆ ಸೇಲಂ ಕಡೆಗೆ ಜಾರುತ್ತದೆ. ಎಡಗಡೆ ಸಾಲಿನಲ್ಲಿ ಲಾರಿಗಳು ಸಣ್ಣ ಗೇರಿನಲ್ಲಿ ಗೊಣಗುತ್ತಾ ಇಳಿಯುತ್ತಿವೆ. ಬ್ರೇಕು ಕಾದ ವಾಸನೆ ಕಿಟಕಿಯೊಳಗೆ ನುಗ್ಗುತ್ತದೆ. ಸ್ಟಿಯರಿಂಗ್ ಹಿಡಿದವನು ಪಾಲಕ್ಕೋಡಿನ ಹುಡುಗ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಕಂಪನಿಯಿಂದ ಬಂದಾಗ ನೆಲದಿಂದ 165 ಮಿಲಿಮೀಟರ್ ಮೇಲಿದ್ದ ಸೆಡಾನನ್ನು ಗಿಡ್ಡ ಸ್ಪ್ರಿಂಗ್ ಹಾಕಿಸಿ 40 ಮಿಲಿಮೀಟರ್ ಇಳಿಸಿದ್ದಾನೆ. ತಿರುವಿನಲ್ಲಿ ಕಾರು ವಾಲುವುದೇ ಇಲ್ಲ. ಅವನು ನಿಮ್ಮತ್ತ ಒಮ್ಮೆ ನೋಡುತ್ತಾನೆ, ಹೇಗಿದೆ ಅನ್ನುವ ಹಾಗೆ.

ಓಮಲೂರಿನ ಹತ್ತಿರ ಸರ್ವಿಸ್ ರಸ್ತೆಗೆ ಹೊರಳಿದ ಮೇಲೆ ಆ ಗತ್ತು ಉಳಿಯುವುದಿಲ್ಲ. ಎದುರಿಗೊಂದು ಹಂಪು. ವೇಗ ಇಳಿಸಿ, ಓರೆಯಾಗಿ ಹತ್ತಿಸುತ್ತಾನೆ. ಮುಂದಿನ ಚಕ್ರಗಳು ದಾಟಿದವು; ಆಮೇಲೆ ‘ಕರ್‌ರ್’ ಎಂಬ ಸದ್ದು ನಿಮ್ಮ ಅಂಗಾಲಿನ ಕೆಳಗೇ ಹಾದುಹೋಗುತ್ತದೆ. ಇಬ್ಬರೂ ಇಳಿದು ಬಗ್ಗುತ್ತೀರಿ. ಎಣ್ಣೆ ತೊಟ್ಟಿಕ್ಕುತ್ತಿಲ್ಲ. ಇಂಜಿನ್ನಿನಡಿಯ ಅಡ್ಡಪಟ್ಟಿಯಾದ ಕ್ರಾಸ್ ಮೆಂಬರಿನ ಮೇಲೆ ಬೆರಳುದ್ದದ ಹೊಸ ಗೀರು ಮಿಂಚುತ್ತಿದೆ.

ತಪ್ಪು ಕಾರಿನದಷ್ಟೇ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ನಿಯಮದಂತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕಿತ್ತು. ಅಷ್ಟು ಹರವಾಗಿದ್ದರೆ ಎರಡೂ ಜೊತೆ ಚಕ್ರಗಳು ಅದರ ಬೆನ್ನ ಮೇಲೇ ನಿಲ್ಲುತ್ತವೆ. ಚಕ್ರಗಳ ನಡುವೆ ಎರಡೂವರೆ ಮೀಟರ್ ಅಂತರವಿರುವ ಕಾರಿನಡಿ ಉಬ್ಬುವುದು ಐದು ಸೆಂಟಿಮೀಟರಿಗೂ ಕಡಿಮೆ. ಊರವರು ಒಂದು ಮೀಟರ್ ಅಗಲಕ್ಕೆ ಸುರಿದು ಗುಡ್ಡೆ ಮಾಡಿದ ಹಂಪಿನಲ್ಲಿ ಚಕ್ರಗಳು ಆಚೆಗೊಂದು ಈಚೆಗೊಂದು ನೆಲದಲ್ಲಿರುತ್ತವೆ. ಪೂರ್ತಿ 10 ಸೆಂಟಿಮೀಟರ್ ನಡುವೆ ಎದ್ದು ನಿಲ್ಲುತ್ತದೆ. ಹಿಂದಿನ ಸೀಟಿಗೆ ಮೂವರು ಕೂತರಂತೂ ಈ ಕಾರು ಅಲ್ಲಿ ಉಜ್ಜದೆ ದಾಟುವುದು ಕಷ್ಟ.

ಸೇಲಂನ ವರ್ಕ್‌ಶಾಪು. ಹಿಂದಿನ ಬೀದಿಯಲ್ಲೆಲ್ಲೋ ಮಗ್ಗದ ಸದ್ದು. ಮೇಸ್ತ್ರಿ ದೇವಾಂಗರ ಮನೆಯವರು. ತಲೆಮಾರುಗಳ ಹಿಂದೆ ಸೇಲಂ ಸೀಮೆಗೆ ಬಂದ ನೇಕಾರರ ಕನ್ನಡ ಅವರ ಬಾಯಲ್ಲಿ ಇನ್ನೂ ಇದೆ. ಹುಡುಗ ಫೋನಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡವರು ತಮಿಳು ಬಿಟ್ಟು, “ಯಾವೂರು ತಮ್ಮಾ?” ಎನ್ನುತ್ತಾರೆ. ಕಾರು ಪಿಟ್ಟಿನ ಮೇಲೆ ನಿಲ್ಲುತ್ತದೆ. ಮೂವರೂ ಕೆಳಗಿಳಿಯುತ್ತೀರಿ. ತಲೆಯ ಮೇಲೆ ಬಿಸಿ ಸೈಲೆನ್ಸರ್ ಪೈಪು ಟಿಕ್‌ಟಿಕ್ಕೆನ್ನುತ್ತಿದೆ.

ಮೇಸ್ತ್ರಿ ಟಾರ್ಚು ಹಿಡಿದು ಇಂಜಿನ್ನಿನಡಿಯ ಆಯಿಲ್ ಚೇಂಬರನ್ನು ಸ್ಪ್ಯಾನರಿನಿಂದ ತಟ್ಟುತ್ತಾರೆ. “ಇದು ಅಲ್ಯುಮಿನಿಯಂ ಎರಕ. ತಗಡಿನ ಚೇಂಬರಾಗಿದ್ರೆ ನೆಗ್ಗುತ್ತೆ. ಇದು ಸೀಳುತ್ತೆ.”

“ಸೀಳಿದ್ರೆ ಏನಣ್ಣಾ?”

“ಎಣ್ಣೆ ಪೂರ್ತಿ ಹೋಗುತ್ತೆ. ಕೆಂಪು ದೀಪ ನೋಡಿನೂ ಓಡಿಸಿದೆ ಅಂದ್ರೆ ಇಂಜಿನ್ ಜಾಮ್.”

ಚೇಂಬರಿನ ಕೆಳಗೆ ಕಾವಲಿಗೊಂದು ತಗಡು ಬೇಕು. ಗೋಡೆಗೆ ಒರಗಿಸಿದ ತಗಡುಗಳ ಮುಂದೆ ಚೌಕಾಸಿ ಶುರು. ಹುಡುಗನ ಕಣ್ಣು ಮೊದಲು ಬಿದ್ದದ್ದು ಮೂರು ಮಿಲಿಮೀಟರ್ ಕಬ್ಬಿಣದ, ಕಪ್ಪು ಬಣ್ಣದ ರೆಡಿಮೇಡ್ ಇಂಜಿನ್ ಗಾರ್ಡಿನ ಮೇಲೆ. ಎತ್ತಿ ನೋಡಿ ಎನ್ನುತ್ತಾರೆ ಮೇಸ್ತ್ರಿ, ಎತ್ತುತ್ತೀರಿ. ಅರ್ಧ ಚದರ ಮೀಟರಿಗೆ ಸುಮಾರು 12 ಕಿಲೋ. ಆ ಭಾರಕ್ಕೆ ಮುಂದಿನ ಸ್ಪ್ರಿಂಗ್ ಇನ್ನೊಂದಿಷ್ಟು ಕುಸಿಯುತ್ತದೆ. ಅದಕ್ಕಿಂತ ತೊಂದರೆ ಅದರ ಕಾಲುಗಳದು: ನಾನಾ ಕಾರುಗಳಿಗೆ ಹೊಂದಲೆಂದು ಉದ್ದನೆಯ ಬ್ರಾಕೆಟ್ ಕೊಟ್ಟಿದ್ದಾರೆ. ಹಾಕಿದರೆ ತಗಡು ಎರಡು ಸೆಂಟಿಮೀಟರ್ ಕೆಳಗೆ ಜೋತುಬೀಳುತ್ತದೆ.

“ಉಳಿದಿರೋದೇ ಹನ್ನೆರಡೂವರೆ ಸೆಂಟಿಮೀಟರ್. ಅದ್ರಲ್ಲಿ ಎರಡು ಕಾವಲುಗಾರನಿಗೇ ಕೊಟ್ರೆ, ಈವತ್ತು ತಾಗದ ಹಂಪೂ ನಾಳೆ ತಾಗುತ್ತೆ,” ಎನ್ನುತ್ತಾರೆ ಮೇಸ್ತ್ರಿ.

ಎರಡನೆಯದು ನಾಲ್ಕು ಮಿಲಿಮೀಟರ್ ಅಲ್ಯುಮಿನಿಯಂ. ಐದೂವರೆ ಕಿಲೋ, ಒಂದೇ ಕೈಯಲ್ಲಿ ಏಳುತ್ತದೆ. ಈ ಲೋಹ ಇಲ್ಲಿಗೆ ಹೊಸದಲ್ಲ. ಯೇರ್ಕಾಡಿನ ಶೇರ್ವರಾಯನ್ ಬೆಟ್ಟದ ಬಾಕ್ಸೈಟು ಮೆಟ್ಟೂರಿನ ಮದ್ರಾಸ್ ಅಲ್ಯುಮಿನಿಯಂ ಕಂಪನಿಯಲ್ಲಿ ಕರಗಿದ ಕಾಲವಿತ್ತು. ಆದರೆ ಮೇಸ್ತ್ರಿ ಮೊಳೆಯಿಂದ ಅಂಚಿನಲ್ಲಿ ಗೀರುತ್ತಾರೆ. ಬಿಳಿ ಪುಡಿ ಏಳುತ್ತದೆ. ಮೆತ್ತನೆಯ ಲೋಹ ಒರಟು ಕಾಂಕ್ರೀಟನ್ನು ಕಚ್ಚಿಕೊಳ್ಳುತ್ತದೆ, ಸವೆಯುತ್ತದೆ. ವರ್ಷಕ್ಕೊಮ್ಮೆ ಕಲ್ಲು ಬಡಿಯುವ ಕಾರಿಗೆ ಸಾಕು. ದಿನವೂ ಉಜ್ಜುವ ಕಾರಿಗೆ ಜಾರುವ ಲೋಹ ಬೇಕು.

ಮೂರನೆಯದು ಎರಡು ಮಿಲಿಮೀಟರ್, ಅಂಗಡಿಯ ಮಾತಿನಲ್ಲಿ 14 ಗೇಜಿನ ಸ್ಟೇನ್‌ಲೆಸ್ ಶೀಟು. ಕಂಜಮಲೈ ಬೆಟ್ಟದ ಬುಡದಲ್ಲಿ 1981ರಿಂದ ಸ್ಟೇನ್‌ಲೆಸ್ ಸುರುಳಿ ಉರುಳುತ್ತಿರುವ ಊರಿನಲ್ಲಿ ಇದನ್ನು ಕತ್ತರಿಸಿ ಮಡಿಸುವ ಕೈಗಳಿಗೆ ಬರವಿಲ್ಲ. ಎಂಟು ಕಿಲೋ. ತೆಳುವಲ್ಲವೇ ಎಂದು ಹುಡುಗನ ಅನುಮಾನ. ಮೇಸ್ತ್ರಿ ರಟ್ಟಿನ ತುಂಡೊಂದನ್ನು ಎತ್ತಿ ಬಗ್ಗಿಸುತ್ತಾರೆ, ಬಗ್ಗುತ್ತದೆ. ಮಧ್ಯೆ ಉದ್ದಕ್ಕೆ ಮಡಿಕೆ ಹಾಕಿ ಮತ್ತೆ ಬಗ್ಗಿಸುತ್ತಾರೆ, ಬಗ್ಗುವುದಿಲ್ಲ. ತಗಡಿಗೂ ಹಾಗೇ ಮುಂದಿನಿಂದ ಹಿಂದಕ್ಕೆ ಮೂರು ಏಣು, ಮೇಲ್ಮುಖವಾಗಿ. ಕೆಳಮುಖವಾದರೆ ಅವೇ ಹಂಪಿಗೆ ಸಿಗುತ್ತವೆ.

ಕೆಲಸ ಮಧ್ಯಾಹ್ನದವರೆಗೆ ನಡೆಯುತ್ತದೆ. ರಟ್ಟಿನಲ್ಲಿ ಅಚ್ಚು ತೆಗೆಯುತ್ತಾರೆ. ಮುಂದಿನ ಅಂಚನ್ನು ಮೇಲಕ್ಕೆ ಬಾಗಿಸುತ್ತಾರೆ, ಹಂಪು ಸಿಕ್ಕರೆ ಕಾರು ಅದರ ಮೇಲೆ ಹತ್ತಿ ಜಾರಲಿ ಎಂದು. ಬೋಲ್ಟುಗಳೆಲ್ಲ ಸಬ್‌ಫ್ರೇಮಿಗೆ ಮತ್ತು ಕ್ರಾಸ್ ಮೆಂಬರಿಗೆ. ಚೇಂಬರಿಗಾಗಲಿ ರೇಡಿಯೇಟರಿನ ಪಟ್ಟಿಗಾಗಲಿ ಒಂದೂ ಇಲ್ಲ. ಹೊಡೆತ ಗಟ್ಟಿ ಜಾಗಕ್ಕೇ ಹೋಗಬೇಕು. ಬೋಲ್ಟಿನ ತಲೆಗಳು ತಗ್ಗಿನಲ್ಲಿ ಮುಳುಗುತ್ತವೆ. ಚೇಂಬರಿಗೂ ತಗಡಿಗೂ ನಡುವೆ ಬೆರಳು ತೂರುವಷ್ಟು ಜಾಗ. ಎಣ್ಣೆ ಬಿಡುವ ನಟ್ಟಿನ ನೇರಕ್ಕೆ ಒಂದು ಕಿಂಡಿ. ಬಿಸಿ ಗಾಳಿ ಹೊರಹೋಗಲು ಹಿಂದಕ್ಕೆ ತೆರೆದ ಸೀಳುಗಳು. ಇಪ್ಪತ್ತು ಹೇರ್‌ಪಿನ್ ತಿರುವುಗಳ ಯೇರ್ಕಾಡು ರಸ್ತೆಯನ್ನು ಎರಡನೇ ಗೇರಿನಲ್ಲಿ ಹತ್ತುವ ಇಂಜಿನ್ನಿಗೆ ಅವು ಬೇಕೇ ಬೇಕು.

ಕಾರು ಪಿಟ್ಟಿನಿಂದ ಹೊರಬಂದ ಮೇಲೆ ಮೇಸ್ತ್ರಿ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಸ್ಕೇಲು ಹಿಡಿಯುತ್ತಾರೆ. 123 ಮಿಲಿಮೀಟರ್. ತಗಡು ಕ್ರಾಸ್ ಮೆಂಬರಿಗೆ ಅಂಟಿ ಕೂತಿರುವುದರಿಂದ ತನ್ನ ದಪ್ಪವನ್ನಷ್ಟೇ ತಿಂದಿದೆ. ಹುಡುಗನ ಮುಖ ಅರಳುತ್ತದೆ. “ಇನ್ನು ಯಾವ ಹಂಪಾದ್ರೂ ಬರ್ಲಿ ಅಣ್ಣಾ!”

ಮೇಸ್ತ್ರಿ ನಗುವುದಿಲ್ಲ. “ಇಷ್ಟು ದಿನ ಎಣ್ಣೆ ಸೋರಿದ್ರೆ ಬೆಳಗ್ಗೆ ನೆಲ ನೋಡಿದ್ರೆ ಗೊತ್ತಾಗ್ತಿತ್ತು. ಇನ್ಮೇಲೆ ಸೋರಿದ್ದು ತಗಡಿನ ಮೇಲೆ ನಿಂತ್ಕೊಳ್ಳುತ್ತೆ, ನಿನ್ನ ಕಣ್ಣಿಗೆ ಬೀಳಲ್ಲ. ಐನೂರು ಕಿಲೋಮೀಟರ್ ಆದ್ಮೇಲೆ ಬಂದು ಬೋಲ್ಟು ಬಿಗಿ ಮಾಡಿಸ್ಕೋ. ಎಣ್ಣೆ ಬದಲಾಯಿಸೋವಾಗೆಲ್ಲ ತಗಡು ಬಿಚ್ಚಿಸಿ ನೋಡು. ಜೋರಾಗಿ ತಾಗಿದ ದಿನ ಡಿಪ್‌ಸ್ಟಿಕ್ ನೋಡದೆ ಗಾಡಿ ತೆಗೀಬೇಡ.”

ಹುಡುಗ ತಲೆಯಾಡಿಸಿ ಬಾಗಿಲಿಗೆ ಕೈ ಹಾಕುತ್ತಾನೆ.

“ಈವತ್ತೂ ತಾಗಿತ್ತಲ್ಲಪ್ಪಾ,” ಎನ್ನುತ್ತಾ ಮೇಸ್ತ್ರಿ ತಾವೇ ಬಾನೆಟ್ ಎತ್ತಿ, ಅವನ ಕೈಗೊಂದು ಬಟ್ಟೆ ಚೂರು ಕೊಡುತ್ತಾರೆ.